‘ತೀವ್ರ’ ಎಂಬ ಒಂದು ಮಾತು

ತಾಬಾ, ಕೆಂಪು ಸಮುದ್ರದ ದಂಡೆ
ಗುರುವಾರ, 17 ಆಗಸ್ಟ್ 1995

ಪ್ರೀತಿಯ ನಾಯೆಫಣ್ಣಾ,

ಹೇಗಿದ್ದೀಯ? ಸೊಂಟದ ನೋವು ಈಗ ಎಷ್ಟಿದೆ? ಮೂತ್ರದಲ್ಲಿ ರಕ್ತ ಹೋಗುವುದು ನಿಂತಿತೇ? ಜೈಲಿನಲ್ಲಿ ಕುಡಿಯಲು ನೀರಾದರೂ ಸಾಕಷ್ಟು ಕೊಡುತ್ತಾರೆಯೇ? ಅಮ್ಮ ಚೆನ್ನಾಗಿದ್ದಾಳೆ. ನಾನು ತುಲ್ಕರ್ಮ್‌ನಿಂದ ಹೊರಟ ದಿನ ಬದನೆಕಾಯಿ ಹಾಕಿ ಮಖ್ಲೂಬಾ ಅನ್ನ ಮಾಡಿ ಬಡಿಸುತ್ತಾ, ‘ಸಂಧಾನದವರ ಜೊತೆ ಕೂರ್ತೀಯಲ್ಲ, ನನ್ನ ಮಗನ ಹೆಸರು ಅವರ ಕಿವಿಗೆ ಹಾಕೇ’ ಎಂದಳು. ದುಭಾಷಿಗೆ ತನ್ನದೆಂಬ ಮಾತೇ ಇರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ಈ ಹೋಟೆಲಿಗೆ ಬಂದು ಹನ್ನೊಂದು ದಿನವಾಯಿತು. ಕಿಟಕಿಯಾಚೆ ಜನ ಈಜುತ್ತಾರೆ. ನಮಗೆ ಮೆಟ್ಟಿಲಿಳಿಯಲೂ ಕಾವಲಿನವರ ಅಪ್ಪಣೆ ಬೇಕು. ಮನೆಗೆ ಫೋನ್ ಮಾಡುವಂತಿಲ್ಲ. ಇಸ್ರೇಲಿಗಳು ಹೀಬ್ರೂವಿನಲ್ಲಿ ಹೇಳಿದ್ದನ್ನು ನಾನು ನಮ್ಮವರಿಗೆ ಅರಬ್ಬಿಯಲ್ಲಿ ಹೇಳುತ್ತೇನೆ. ನಮ್ಮವರ ಮಾತನ್ನು ಅವರ ಕಡೆಯ ಮಾರ್ಸೆಲ್ ಎಂಬಾಕೆ ಅವರಿಗೆ ದಾಟಿಸುತ್ತಾಳೆ. ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ ಹೆಂಗಸು, ಅರವತ್ತು ದಾಟಿದೆ. ‘ಏನೇ ಹುಡುಗಿ, ಗಾಳಿ ಕುಡ್ಕೊಂಡು ಬದುಕ್ತೀಯಾ? ತಿನ್ನು’ ಎಂದು ತನ್ನ ತಟ್ಟೆಯ ಖರ್ಜೂರವನ್ನು ನನ್ನ ಕಡೆ ತಳ್ಳುತ್ತಾಳೆ. ಇಷ್ಟು ದಿನದಲ್ಲಿ ನನ್ನ ಹೊಟ್ಟೆ ವಿಚಾರಿಸಿದವಳು ಅವಳೊಬ್ಬಳೇ.

ನಿನ್ನೆ ಬೆಳಿಗ್ಗೆ ಕೈದಿಗಳ ಬಿಡುಗಡೆಯ ವಿಷಯ ಬಂತು. ಕಾಯಿಲೆಯವರನ್ನೆಲ್ಲ ಬಿಡಬೇಕೆಂದು ನಮ್ಮ ಮುಖ್ಯಸ್ಥರಾದ ಅಬು ಲಬೀಬ್ ಮೂರು ಗಂಟೆ ಪಟ್ಟು ಹಿಡಿದರು. ಕೊನೆಗೆ ಎದುರಿನ ಕರ್ನಲ್ ಹೇಳಿದ: ‘ತೀವ್ರ ಕಾಯಿಲೆಯವರನ್ನು ಬಿಡುತ್ತೇವೆ.’ ಅಣ್ಣಾ, ಆ ‘ತೀವ್ರ’ವನ್ನು ಅರಬ್ಬಿಗೆ ತರುವ ಮೊದಲು ನಾನು ತಡೆದೆ. ನಿನ್ನ ಚೀಟಿಯಲ್ಲಿ ಜೈಲಿನ ವೈದ್ಯ ‘ಸಾಧಾರಣ’ ಎಂದು ಬರೆದಿರುವುದು ನನಗೆ ಗೊತ್ತಿದೆಯಲ್ಲ. ಆ ಒಂದು ಮಾತನ್ನು ನುಂಗಿಬಿಟ್ಟಿದ್ದರೆ ಅಬು ಲಬೀಬ್ ‘ಆಗಲಿ’ ಎನ್ನುತ್ತಿದ್ದರು. ಆದರೆ ಕರಾರು ಕಾಗದಕ್ಕೆ ಬಂದಾಗ ಅದು ಅಲ್ಲಿ ಕೂತಿರುತ್ತಿತ್ತು, ನಮಗೆ ಮೋಸವಾಯಿತೆಂದು ನಮ್ಮವರು ಎದ್ದುಹೋಗುತ್ತಿದ್ದರು, ಯಾರೂ ಹೊರಗೆ ಬರುತ್ತಿರಲಿಲ್ಲ. ಮಾರ್ಸೆಲ್ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. ಸ್ಪಷ್ಟವಾಗಿಯೇ ಹೇಳಿದೆ. ಅಬು ಲಬೀಬ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ಹೆಣ್ಣು ಕೈದಿಗಳಲ್ಲಿ ಇನ್ನೂ ಐವರನ್ನು ಸೇರಿಸುವುದಾದರೆ ಒಪ್ಪಿಗೆ ಎಂದರು. ಎದುರಿನವರೂ ಒಪ್ಪಿದರು, ಎಲ್ಲರೂ ಕೈಕುಲುಕಿದರು. ಆ ಐವರ ತಾಯಂದಿರನ್ನು ನೆನೆದು ಸಂತೋಷಪಡಲು ನೋಡಿದೆ, ಆಗಲಿಲ್ಲ.

ಹೊರಗೆ ಬಂದಾಗ ಮಾರ್ಸೆಲ್ ಮೆಲ್ಲಗೆ ಕೇಳಿದಳು, ‘ಜೈಲೊಳಗಿರೋದು ಯಾರೇ? ಗಂಡನಾ?’ ‘ಅಣ್ಣ’ ಎಂದುಬಿಟ್ಟೆ. ಕೈದಿಗಳ ಒಡಹುಟ್ಟಿದವರು ಮಾತುಕತೆಗೆ ಕೂರುವಂತಿಲ್ಲ. ನಾನು ಮುಚ್ಚಿಟ್ಟು ಬಂದವಳು. ಅವಳು ಮನಸ್ಸು ಮಾಡಿದ್ದರೆ ಆಗಲೇ ನನ್ನನ್ನು ಮನೆಗಟ್ಟಬಹುದಿತ್ತು. ‘ನಾನೇನೂ ಕೇಳ್ಲಿಲ್ಲ, ನೀನೇನೂ ಹೇಳ್ಲಿಲ್ಲ. ಮುಖ ತೊಳ್ಕೊಂಡು ಬಾ, ಮೂರಕ್ಕೆ ನೀರಿನ ವಿಷಯ ಇದೆ’ ಎಂದಳು. ತೊಳೆದುಕೊಂಡು ಹೋಗಿ ಕೂತೆ. ಬಾವಿಗಳ ಬಗ್ಗೆ ಅವರು ಜಗಳವಾಡಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಎದ್ದುಹೋಗೋಣವೆಂದರೆ ನಿನ್ನ ಸುದ್ದಿ ತಿಳಿಯುವ ದಾರಿ ಇದೊಂದೇ. ಕೂತಿರೋಣವೆಂದರೆ ನಿನ್ನ ಮೇಲೆ ಬಾಗಿಲು ಹಾಕುವ ಮಾತೂ ನನ್ನ ಬಾಯಿಂದಲೇ ಬರಬೇಕು.

ಧೈರ್ಯ ಬಿಡಬೇಡ. ನಿನ್ನ ಎರಡೂ ಕೆನ್ನೆಗೆ ಅಮ್ಮನ ಮುತ್ತು. ದೇವರು ನಿನ್ನ ನಿದ್ದೆಯನ್ನಾದರೂ ಕಾಯಲಿ.

ನಿನ್ನ ತಂಗಿ,
ರುಬಾ

ಮತ್ತೆ: ನಮ್ಮ ತಂಡದ ವಕೀಲೆ ಸುಹೈರ್ ಈಗಲೇ ಹೊರಡುತ್ತಿದ್ದಾಳೆ, ಇದನ್ನು ಅವಳೇ ನಿನ್ನ ಕೈಗೆ ಕೊಡುತ್ತಾಳೆ. ಓದಿ ಹರಿದುಬಿಡು. ಬಿಡುಗಡೆಯ ಪಟ್ಟಿ 24ನೇ ತಾರೀಖಿಗೆ ಮುಗಿಯುತ್ತದೆ. ಅಷ್ಟರೊಳಗೆ ವೈದ್ಯನಿಂದ ‘ತೀವ್ರ’ ಎಂದು ಬರೆಸಿಕೋ, ಬೇರೆ ಯಾವ ಮಾತೂ ನಡೆಯುವುದಿಲ್ಲ. ನಿನ್ನ ಸ್ವಭಾವ ನನಗೆ ಗೊತ್ತು, ಹಲ್ಲುಕಚ್ಚಿಕೊಂಡು ಕೂರಬೇಡ, ಕಿರುಚು. ನಿನ್ನ ಕಾಯಿಲೆ ನಿಜವಾಗಿಯೂ ಹೆಚ್ಚಾಗಿರಲಿ ಎಂದು ಇವತ್ತು ಬೆಳಗಿನ ಪ್ರಾರ್ಥನೆಯಲ್ಲಿ ಬೇಡಿಕೊಂಡೆ. ಅಮ್ಮನಿಗೆ ಇದನ್ನು ಯಾವತ್ತೂ ಹೇಳಬೇಡ.