ನಿಮ್ಮನ್ನು ಹೊತ್ತು ತಂದವನ ಹೆಸರು

ಮಾನ್ಯ ಪಕ್ಷದ ಅಧ್ಯಕ್ಷರೇ,

ಮೋಟಾರ್ ಸರ್ವೀಸಿನ ಮಾಲೀಕರೇ ಎಂದೋ, ಮಾಜಿ ಹವಾಲ್ದಾರರೇ ಎಂದೋ ಕರೆಯಬಹುದಿತ್ತು. ನಿಮಗೀಗ ಬಿರುದುಗಳಿಗೇನು ಕೊರತೆ?

ಕಳೆದ ಸೋಮವಾರ ಸತ್ತೇಗಾಲದಲ್ಲಿ ನಿಮ್ಮ ಬಸ್ಸಿನ ಮುಂದಿನ ಸೀಟಿನಿಂದ ಮಂಟೇಸ್ವಾಮಿಯನ್ನು ಎಬ್ಬಿಸಿದರು. ನೀವು ಡ್ರೈವರನ ಪಕ್ಕದಲ್ಲೇ ಇದ್ದಿರಿ. ಸರಿಯಾಗಿ ಆಗಲೇ ನಿಮಗೆ ಕಿಟಕಿಯಾಚೆಯ ಕಬ್ಬಿನ ಗದ್ದೆ ಬಹಳ ಚೆಂದ ಕಂಡಿತು.

"ಲೇ, ಎದ್ದು ಇಂದಕ್ಕೆ ಓಗ್ಲಾ, ದೊಡ್ಡೋರು ಅತ್ತಾವ್ರೆ" ಎಂದ ಕಂಡಕ್ಟರ್ ಷಡಕ್ಷರಿ.

"ಟಿಕೀಟು ತಕಂಡಿವ್ನಿ ಸಾ. ಕಾಲು ಮಡಚಕ್ಕಾಗಲ್ಲ, ಅದ್ಕೇ ಮುಂದ್ಗಡೆ ಕೂತೆ."

"ಮಡಚಕ್ಕಾಗ್ದಿದ್ರೆ ನಿಂತ್ಕಳ್ಲಾ. ನಿಂತ್ಕಳಕ್ಕೂ ಮಡಚ್ಬೇಕಾ?"

ಬಸ್ಸೆಲ್ಲ ನಕ್ಕಿತು. ಎರಡು ಸಾಲು ಹಿಂದಿದ್ದ ನಾನು ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸತೊಡಗಿದೆ. ಮಂಟೇಸ್ವಾಮಿ ನಿಮ್ಮ ಬೆನ್ನನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. "ಓಗ್ಲಿ ಬುಡಿ ಅವ್ವೋರೇ, ಬರ್ಮಾದ್ ಬಾಂಬಲ್ಲಿ ಅವಲ್ದಾರ್ರಿಗೆ ಕಿವಿ ಓಗದೆ" ಎಂದು ಇಳಿದು, ಆ ಕಾಲಿನಲ್ಲೇ ಕೊಳ್ಳೇಗಾಲದ ದಾರಿ ಹಿಡಿದು ನಡೆದ. ಆಗಲೂ ನಿಮ್ಮ ಮಾನ ಕಾಯ್ದವನು ಅವನೇ.

ಮಾಜಿ ಸೈನಿಕರೆಂದು ಸರ್ಕಾರ ನಿಮಗೆ ಬಸ್ಸಿನ ಪರ್ಮಿಟ್ ಕೊಟ್ಟಿತು. ಆ ಸೈನಿಕ ಬದುಕಿ ಊರು ಸೇರಿದ್ದು ಯಾರ ಹೆಗಲ ಮೇಲೆ? ಈಗ ಚುನಾವಣೆ ಬಂದಿದೆ. ಹನೂರಿನಲ್ಲಿ ನಿಮ್ಮ ಭಾಷಣ, ಕೊಳ್ಳೇಗಾಲದಲ್ಲಿ ನಿಮ್ಮ ಭಾಷಣ. ಕೇಳಲು ಮೈಸೂರು ಸೀಮೆಯ ಯಳಂದೂರಿನವರೂ ಗಡಿ ದಾಟಿ ನಮ್ಮ ಮದರಾಸು ಸೀಮೆಗೆ ಬರುತ್ತಾರೆ. "ಬರ್ಮಾದ ಕಾಡಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ನನ್ನನ್ನು ಹೊತ್ತು ತಂದ. ನಾನು ಅವನ ಜಾತಿ ಕೇಳಿದೆನೇ?" ಎನ್ನುತ್ತೀರಿ. ಚಪ್ಪಾಳೆಯೋ ಚಪ್ಪಾಳೆ. ಕೇಳಲಿಲ್ಲ, ನಿಜ. ಕೇಳುವ ಅಗತ್ಯವಾದರೂ ಏನಿತ್ತು? ನಮ್ಮೂರಾಚೆಯ ಕೇರಿಯಿಂದ ನಿಮ್ಮ ಜೊತೆಯಲ್ಲೇ ಸೈನ್ಯ ಸೇರಿದ ಮಂಟೇಸ್ವಾಮಿ ನಿಮಗೆ ಚಿಕ್ಕಂದಿನಿಂದ ಗೊತ್ತಿದ್ದವನಲ್ಲವೇ?

ಆ "ಯಾರೋ ಒಬ್ಬ ಪುಣ್ಯಾತ್ಮ" ಎಂಬ ಮಾತು ಮೈಕಿನಲ್ಲಿ ಬಂದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಏಕೆಂದರೆ ಅದು ನಿಮ್ಮ ಮಾತಲ್ಲ, ನನ್ನದು. ನಿಮ್ಮ ತಾಯಿ ಮಹಾದೇವಮ್ಮ, ನನ್ನ ತಂಗಿ, ಓದು ಬಾರದವಳು. ಗೋಡೆಯ ಮೇಲೆ ಇದ್ದಿಲಿನಲ್ಲಿ ತಿದ್ದಿ ಅಕ್ಷರ ಕಲಿತ ನಾನು, ನಿಮ್ಮ ಕಾಗದ ಬಂದಾಗ ಜಗಲಿಯಲ್ಲಿ ಕೂತು ಓದುತ್ತಿದ್ದೆ; ಕೇಳಲು ಅರ್ಧ ಬೀದಿ ಸೇರುತ್ತಿತ್ತು. ನೀವು ಬರೆದದ್ದು ಹೀಗೆ: "ಅವ್ವ, ನಮ್ಮ ಮಂಟೇಸ್ವಾಮಿ ನನ್ನನ್ನು ಹೊತ್ತು ತಂದ. ಹೊತ್ತಾಗಲೇ ಅವನ ಕಾಲಿಗೆ ಗುಂಡು ಬಿತ್ತು. ಅವನ ಲೋಟದ ನೀರಿನಿಂದ ನನ್ನ ಜೀವ ಉಳಿಯಿತು. ಊರಿಗೆ ಬಂದ ಮೇಲೆ ಅವನು ನನ್ನ ಪಕ್ಕದಲ್ಲಿ ಕೂತು ಉಣ್ಣಬೇಕು."

ನಾನು ಓದಿದ್ದು ಇಷ್ಟೇ: "ಯಾರೋ ಒಬ್ಬ ಪುಣ್ಯಾತ್ಮ ಹೊತ್ತು ತಂದ."

ಆ ನೀರಿನ ಸುದ್ದಿ ತಿಳಿದರೆ ಊರು ನಿಮಗೆ ಶುದ್ಧಿ ಮಾಡಿಸೀತು, ನಿಮ್ಮ ತಾಯಿಯ ಮನೆಗೆ ಯಾರೂ ಕಾಲಿಡಲಾರರು ಎಂದು ಹೆದರಿದೆ. ನೀವೇ ಬಂದು ನನ್ನ ಸುಳ್ಳನ್ನು ತಿದ್ದುವಿರಿ, ದೊಡ್ಡಮ್ಮನನ್ನು ಬೈಯುವಿರಿ ಎಂದು ಕಾದೆ. ನೀವು ಬೈಯಲಿಲ್ಲ. ಹೆದರಿದ ಮುದುಕಿಯೊಬ್ಬಳ ಸುಳ್ಳನ್ನು ಎತ್ತಿಕೊಂಡು ಹೋಗಿ ಪಕ್ಷ ಕಟ್ಟಿದಿರಿ.

ಬರುವ ಭಾನುವಾರ ಕೊಳ್ಳೇಗಾಲದ ಸಭೆಗೆ ಮಂಟೇಸ್ವಾಮಿಯನ್ನು ನಿಮ್ಮ ಬಸ್ಸಿನಲ್ಲೇ, ಅದೇ ಮುಂದಿನ ಸೀಟಿನಲ್ಲೇ ಕೂರಿಸಿ ಕರೆತನ್ನಿ. ಅವನ ಹೆಸರನ್ನು ನಿಮ್ಮ ಬಾಯಿಂದಲೇ ಹೇಳಿ. ಹೇಳದಿದ್ದರೆ, ಆ ಕಾಗದ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ತೆಗೆದುಕೊಂಡು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಈ ಸಲ ಒಂದಕ್ಷರವನ್ನೂ ಬಿಡುವುದಿಲ್ಲ, ಮಗಾ.

ಇಂತಿ,
ನಿನ್ನ ಕಾಗದವನ್ನು ಒಮ್ಮೆ ತಪ್ಪಾಗಿ ಓದಿದ
ನಿನ್ನ ದೊಡ್ಡಮ್ಮ ಸುವರ್ಣಮ್ಮ,
ಸತ್ತೇಗಾಲ, ೧೯೫೧