ಷೋಕೇಸಿನಲ್ಲಿ ಯುದ್ಧವಿಮಾನ

ಉಡುಪಿ, ೨೧-೧೧-೨೦೦೨, ಗುರುವಾರ

ನಿದ್ರೆ ಬರುತ್ತಿಲ್ಲ. ವಾಯುಪಡೆಯ ಫೋಟೋಗ್ರಾಫರಾದ ಇವರು, ಹಾರುತ್ತಿದ್ದ ಯುದ್ಧವಿಮಾನವನ್ನು ಇನ್ನೊಂದು ವಿಮಾನದಿಂದ ತೆಗೆದ ಫೋಟೋ ಅದು. ಕಪಾಟಿನಲ್ಲಿಡು, ಯಾರಿಗೂ ತೋರಿಸಬೇಡ ಎಂದೇ ಕೊಟ್ಟಿದ್ದರು. ನೆಂಟರು ನೋಡಲಿ ಎಂಬ ಆಸೆಗೆ, ಚಾವಡಿಯ ಗೋಡೆಗೆ ದೊಡ್ಡದು ಮಾಡಿಸಲು ನಾನೇ ಸ್ಟುಡಿಯೋಕ್ಕೆ ಒಯ್ದೆ. ಇವತ್ತು ಬಸ್ಸಿನಿಂದ ನೋಡಿದರೆ ಸ್ಟುಡಿಯೋದ ಷೋಕೇಸಿನಲ್ಲಿ, ಮದುಮಕ್ಕಳ ಫೋಟೋಗಳ ನಡುವೆ ಅದೇ ವಿಮಾನ!

ಬಸ್ಸಿಳಿದು ಮಗುವನ್ನು ಎತ್ತಿಕೊಂಡು ಓಡಿದೆ.

“ಎಂತ ಅಕ್ಕ, ಹೆಮ್ಮೆಯ ವಿಷಯ ಅಲ್ವಾ? ನಿನ್ನೆ ಯಾರೋ ಒಂದು ಪ್ರತಿ ಮಾಡಿಸಿಕೊಂಡೂ ಹೋದರು,” ಎಂದರು ಸ್ಟುಡಿಯೋದ ಶೀನಣ್ಣ.

ಮೇಲಿನವರಿಗೆ ತಿಳಿದರೆ ಇವರ ಕೆಲಸವೇ ಹೋಗಬಹುದು. ಸಂಜೆ ಇವರೇ ಫೋನಿನಲ್ಲಿ ಕೇಳಿದರು, “ಫೋಟೋ ಕಪಾಟಿನಲ್ಲೇ ಉಂಟಲ್ವಾ?”

“ಉಂಟು,” ಎಂದೆ.

“ನೀನಾದ ಕಾರಣ ಕೊಟ್ಟದ್ದು ಮಾರಾಯ್ತಿ,” ಎಂದು ನಕ್ಕರು.

ನಾಳೆ ಹೇಳಲೇಬೇಕು. ನಾಳೆಯೂ ಹಾಗೆಯೇ ನಕ್ಕರೆ ಹೇಗೆ ಹೇಳಲಿ?