ಓದದೆ ಒತ್ತಿದ ಹೆಬ್ಬೆಟ್ಟು

ಗದಗ, ಕಪ್ಪತಗುಡ್ಡದ ಮಗ್ಗುಲು
ಗಾಳಿತಿಂಗಳ ಮೂವತ್ತಮೂರನೆಯ ದಿನ, 2194

ಕಳಕವ್ವ ಮುತ್ತಜ್ಜಿಯವರಿಗೆ, ನಿಮ್ಮ ಆರನೆಯ ತಲೆಮಾರಿನ ಬಸಲಿಂಗವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ಮೂವತ್ತಮೂರು ದಿನ ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ನಮ್ಮ ಕಾಲದವರು ಪಂಚಾಂಗವನ್ನು ಹಾಗೆ ತಿದ್ದಿಕೊಂಡಿದ್ದಾರೆ, ನನ್ನನ್ನು ಯಾರೂ ಕೇಳಲಿಲ್ಲ. ನಿಮಗೆ ಗೊತ್ತಿಲ್ಲದ ಪದಗಳು ನಡುನಡುವೆ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ನೀವೀಗ ಮದುವೆಯಾಗಿ ಮೂರು ವರ್ಷದ ಸೊಸೆ, ನಾನು ಎಪ್ಪತ್ತು ತುಂಬಿದ ಮುದುಕಿ. ಆದರೂ ಹಿರಿಯರು ನೀವೇ. ನೀವೂ ನಿಮ್ಮ ಯಜಮಾನರೂ ಆಸ್ತಿಯ ವಿಷಯದಲ್ಲಿ ಕರಾರುಪತ್ರ ಮಾಡಿಕೊಳ್ಳಲು ಹೊರಟಿದ್ದೀರಿ ಎಂಬುದು ಹಳೆಯ ಟ್ರಂಕಿನಲ್ಲಿದ್ದ ನಿಮ್ಮ ಕಾಗದದಿಂದ ತಿಳಿಯಿತು. ಸಹಿ ಹಾಕುವ ಮುಂಚೆ ನನ್ನ ಕಥೆಯನ್ನು ಒಂದಿಷ್ಟು ಕೇಳಿ.

ನಮ್ಮಲ್ಲಿ ಓದು ಬಲ್ಲವರು ಕಡಿಮೆ. ಪ್ರತಿ ಮನೆಯ ಗೋಡೆಯಲ್ಲೂ ನುಡಿಗಲ್ಲು ಎಂಬ ಅಂಗೈಯಗಲದ ಬಿಲ್ಲೆ ಇರುತ್ತದೆ. ಪತ್ರ ಬಂದರೆ ಅದೇ ಓದಿ ಹೇಳುತ್ತದೆ, ಜೋಳದ ಹಿಟ್ಟಿನ ಚೀಲದ ಮೇಲೆ ಏನಿದೆ ಎಂಬುದನ್ನೂ ಒದರುತ್ತದೆ. ರೊಟ್ಟಿ ಬಡಿಯುವಾಗ ಅದರ ಬಾಯಿ ಮುಚ್ಚಿಸಲು ನಾನು ಒದ್ದೆ ಬಟ್ಟೆ ಹಾಕುತ್ತೇನೆ. ಆದರೆ ಗಂಡ ಹೆಂಡತಿಯ ಕರಾರಿಗೆ ನುಡಿಗಲ್ಲು ನಡೆಯುವುದಿಲ್ಲ, ಅದರ ದನಿಯನ್ನು ಯಾರು ಬೇಕಾದರೂ ತಿರುಚಬಹುದು. ಕರಾರನ್ನು ಕಾಗದದ ಮೇಲೆ ಕೈಯಲ್ಲೇ ಬರೆಯಬೇಕು, ಕಣ್ಣಾರೆ ಓದಬೇಕು. ಅದಕ್ಕೆಂದೇ ಊರಿಗೊಂದು ಇಬ್ಬಾಗಿಲ ಕಚೇರಿ ಇದೆ. ಗಂಡ ಒಂದು ಬಾಗಿಲಿನಿಂದ, ಹೆಂಡತಿ ಇನ್ನೊಂದರಿಂದ ಒಳಗೆ ಹೋಗುತ್ತಾರೆ. ಇಬ್ಬರಿಗೂ ಬೇರೆ ಬೇರೆ ವಕೀಲರು. ಇದ್ದದ್ದೆಲ್ಲ ಮುಚ್ಚುಮರೆ ಇಲ್ಲದೆ ಬರೆಸಿ, ನಡುಕೋಣೆಯಲ್ಲಿ ಕೂಡಿ, ಒಬ್ಬರ ಹಾಳೆಯನ್ನು ಇನ್ನೊಬ್ಬರು ಓದಿ, ಆಮೇಲೆ ಹೆಬ್ಬೆಟ್ಟು ಒತ್ತಬೇಕು. ಓದು ಬಾರದವರು ಹಾಗೆಂದು ಹೇಳಿದರೆ ಸಾಕು, ಅವರ ವಕೀಲರೇ ಓದಿ ತಿಳಿಸುತ್ತಾರೆ. ಅಷ್ಟು ಸಲೀಸು.

ನಮ್ಮ ಯಜಮಾನರು ಫಕ್ಕೀರಪ್ಪ, ಕೌದಿ ಹೊಲಿಯುವವರು. ನನ್ನ ತಂದೆ ನನಗೆ ಕೊಟ್ಟ ಜಾಗದಲ್ಲಿ ಒಂದೊಂದೇ ಕಲ್ಲು ಹೊತ್ತು ಹೊಲಿಗೆಮನೆ ಕಟ್ಟಿಕೊಂಡರು. ನಮಗೆ ಮಕ್ಕಳಿಲ್ಲ. ನಾನು ಸತ್ತರೆ ಆ ಜಾಗ ತವರಿಗೆ ವಾಪಸಾಗುತ್ತದೆ. ಹಾಗಾಗಬಾರದೆಂದು ಮದುವೆಯ ಆರನೆಯ ವರ್ಷ ಅದನ್ನು ಅವರ ಹೆಸರಿಗೆ ಮಾಡಲು ಕರಾರು ಬರೆಸಿದೆ. ಹೆಣ್ಣು ಕೇಳಲು ಬಂದಾಗ ಅವರು ನನ್ನ ತಂದೆಯೆದುರು ಓದು ಬರುತ್ತದೆ ಎಂದು ಜಂಬ ಕೊಚ್ಚಿದ್ದರು. ಕರಾರಿಗೂ ಮುಂಚೆ, ನುಡಿಗಲ್ಲು ಕೆಟ್ಟಿದ್ದ ಒಂದು ದಿನ, ಪಲ್ಯ ನೆಲುವಿನ ಮೇಲಿದೆ ಎಂದು ಚೀಟಿ ಬರೆದಿಟ್ಟು ಹೋಗಿದ್ದೆ. ಬಂದು ನೋಡಿದರೆ ಬರೀ ರೊಟ್ಟಿ ತಿಂದು ಕೂತಿದ್ದರು. ನನಗೆ ತಿಳಿಯಿತು, ನನಗೆ ತಿಳಿದದ್ದು ಅವರಿಗೂ ತಿಳಿಯಿತು. ಇಬ್ಬರೂ ತುಟಿ ಬಿಚ್ಚಲಿಲ್ಲ.

ನಡುಕೋಣೆಯಲ್ಲಿ ಅಧಿಕಾರಿಣಿ, ಓದಿದಿರಾ ಎಂದು ನಮ್ಮವರನ್ನು ಕೇಳಿದರು. ತಮ್ಮ ವಕೀಲರಿಗೂ ಅವರು ಓದು ಬರುತ್ತದೆ ಎಂದೇ ಹೇಳಿದ್ದರು. ಹಾಳೆಯನ್ನು ಹಿಂದುಮುಂದು ಮಗುಚುತ್ತಿದ್ದರು. ಸಾಕ್ಷಿಗೆ ನಮ್ಮ ಓಣಿಯವರೇ ಇಬ್ಬರು ಕೂತಿದ್ದರು.

“ಓದ್ಯಾರ್ರೀ, ನಿನ್ನೆನ ಮನ್ಯಾಗ ಓದ್ಯಾರ” ಎಂದೆ.

ಅಧಿಕಾರಿಣಿ ಅದನ್ನೇ ಬರೆದುಕೊಂಡರು. ಹೊರಗೆ ಬಂದು ಇಬ್ಬರೂ ಗಿರಮಿಟ್ ತಿಂದೆವು. ಗಂಡನ ಮಾನ ಉಳಿಸಿದೆನೆಂದು ನಾನು ಎಷ್ಟು ವರ್ಷ ಬೀಗಿದೆನೋ!

ನಮ್ಮಲ್ಲಿ ಎಪ್ಪತ್ತು ತುಂಬಿದವರ ಕರಾರುಪತ್ರಗಳನ್ನು ಬದುಕಿರುವಾಗಲೇ ವಾರಸುದಾರರ ಮುಂದೆ ತೆರೆಯುತ್ತಾರೆ, ಮುನ್ನೋದು ಎನ್ನುತ್ತಾರೆ ಅದಕ್ಕೆ. ಕಳೆದ ತಿಂಗಳು ನನ್ನದಾಯಿತು. ನನ್ನ ಅಣ್ಣನ ಮಗ ಮುದಿಯಪ್ಪ ಬಂದಿದ್ದ. ಕೆಟ್ಟವನಲ್ಲ, ಆದರೆ ಅವನಿಗೂ ಸಂಸಾರವಿದೆ, ಜಾಗ ಬೇಕು. ಮಾವ ಇದನ್ನು ಓದಿಯೇ ಒಪ್ಪಿದ್ದರಾ ಎಂದು ಕೇಳಿದ. ನಮ್ಮಲ್ಲಿ ಕಸುಬಿನ ಸಾಮಾನು ಮುಟ್ಟಿ ಆಣೆ ಮಾಡಬೇಕು. ನಮ್ಮವರ ಎದುರು ಅವರದೇ ಸೂಜಿ ಇಟ್ಟರು. ಅವರು ಅದನ್ನು ಮುಟ್ಟಿದರು.

“ಓದಿಲ್ಲರೀ. ನನಗ ಓದಾಕ ಬರೂದಿಲ್ಲ.”

ಓದದೆ ಒಪ್ಪಿದ ಕರಾರು ನಡೆಯದೆಂದು ಪತ್ರ ಬಿದ್ದುಹೋಯಿತು. ಎಪ್ಪತ್ತು ತುಂಬಿದ ಮೇಲೆ ಹೊಸ ಕರಾರು ಮಾಡಲು ಬರುವುದಿಲ್ಲ. ವೈದ್ಯರು ನನಗೆ ಚಳಿಗಾಲದವರೆಗೆ ಎಂದಿದ್ದಾರೆ. ಆಮೇಲೆ ನಮ್ಮವರು ಸೂಜಿದಾರ ಕಟ್ಟಿಕೊಂಡು, ತಾವೇ ಕಟ್ಟಿದ ಹೊಲಿಗೆಮನೆಯಿಂದ ಹೊರಡಬೇಕು. ಸಾಯುವುದಕ್ಕಿಂತ ನನಗೆ ಇದೇ ಸಂಕಟ.

ಈಗ ದಿನಾ ಮಧ್ಯಾಹ್ನ ಹೊಲಿಗೆಮನೆಯಲ್ಲಿ ಕೂತು ಅವರಿಗೆ ಅಕ್ಷರ ಹೇಳಿಕೊಡುತ್ತಿದ್ದೇನೆ. ಬೇಗ ಕಲಿತರು, ನನಗೇ ನಾಚಿಕೆಯಾಗುವಷ್ಟು ಬೇಗ. ಈ ಪತ್ರವನ್ನೂ ಬರೆದಷ್ಟು ಬರೆದಷ್ಟು ಅವರ ಕೈಗೇ ಕೊಟ್ಟೆ, ನಾಲ್ಕು ದಿನ ಹಿಡಿದು ಓದಿದರು. ನಡುಕೋಣೆಯ ಮಾತು ಬಂದಲ್ಲಿ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಅವತ್ತ ಕಲಿಸಿದ್ದರ ಕಲೀತಿದ್ನಲ್ಲ” ಎಂದರು.

ನಾನು ಮುಂದಿನ ಹಾಳೆಯನ್ನು ಅವರ ಕೈಗಿಟ್ಟೆ.

ಕಳಕವ್ವನವರೇ, ನಿಮ್ಮ ಯಜಮಾನರು ಪೆನ್ನು ಹಿಡಿದಾಗ ತಡೆಯಿರಿ. ಇದರಲ್ಲಿ ಏನು ಬರೆದಿದೆ ಹೇಳಿ ನೋಡೋಣ ಎಂದು ಕೇಳಿ. ಅವರು ನಿಮ್ಮನ್ನೂ ಹಾಗೆಯೇ ಕೇಳಲಿ. ಮುಖ ಬಾಡಿದರೆ ಬಾಡಲಿ, ಎದ್ದು ಹೋದರೆ ಹೋಗಲಿ, ಕಾಯಿರಿ. ಅವರ ಪರವಾಗಿ ನೀವು ಹೂಂ ಎನ್ನಬೇಡಿ.

ಇನ್ನು ನನಗೆ ಬರೆಯಲು ಕೈ ಸಾಗದು. ಕೆಳಗೆ ಒಂದು ಸಾಲು ತಾವೂ ಬರೆಯುತ್ತೇನೆಂದು ನಮ್ಮವರು ಪೆನ್ನು ಕೇಳುತ್ತಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ನಿಮ್ಮ ಬಸಲಿಂಗವ್ವ

ಓದೇನಿ. ಫಕ್ಕೀರಪ್ಪ.